ನೆಲ ನಡುಗಿದರೆ ಏಳಿ

ಗುಬ್ಬಿ
೧೨-೨-೨೦೦೧

ಸುಮನಾಳ ಅಪ್ಪಾಜಿಯವರಿಗೆ ಶರಣಾರ್ಥಿ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀವಿರುವ ಅಹಮದಾಬಾದಿನಲ್ಲಿ ಭೂಕಂಪ ಆದಮೇಲೂ ನೆಲ ಆಗಾಗ ನಡುಗುತ್ತಲೇ ಇದೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಫೋನಿನಲ್ಲಿ ಹೇಳಿದರೆ, "ಕೊಬ್ಬರಿ ಲೋಡ್ ಇಳಿಸಿ ಬರ್ತೀನಿ, ಸುಮ್ನಿರೇ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಲಾರಿ ಡ್ರೈವರ್ ಖುರ್ಷಿದ್ ಪಾಷಾ ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಲಾಡ್ಜಿನಲ್ಲಿ ಮೂರನೇ ಮಹಡಿ ಬೇಡ, ಕೆಳಗಿನ ರೂಮು ಕೇಳಿ. ಮಂಚದ ಪಕ್ಕ ಬೀರು ಇದ್ದರೆ ಸರಿಸಲು ಹೇಳಿ. ಚಪ್ಪಲಿ ಕೈಗೆ ಸಿಗುವಂತಿರಲಿ, ಗಾಜು ಒಡೆದು ಬಿದ್ದಿರುತ್ತದಂತೆ. ಲಿಫ್ಟ್ ಹತ್ತಲೇಬೇಡಿ.

ಇಷ್ಟನ್ನು ನೀವು ಮಾಡುತ್ತೀರಿ. ನನಗೆ ಭಯ ಇರುವುದು ಬೆಳಗಿನ ಪೂಜೆಯದು. ಅಲ್ಲಿ ಮನೆಗಳು ಬಿದ್ದದ್ದೂ ನೀವು ಲಿಂಗಪೂಜೆಗೆ ಕೂರುವ ಹೊತ್ತಿನಲ್ಲೇ. ಹೋದ ವರ್ಷ ಸ್ಟೌವ್ ಭಗ್ಗೆಂದು ನನ್ನ ಸೆರಗಿಗೆ ಬೆಂಕಿ ಹತ್ತಿಕೊಂಡಾಗ, ನಾನು ಕೂಗಿಕೊಂಡರೂ ನೀವು ಅಂಗೈಯ ಲಿಂಗದಿಂದ ಕಣ್ಣು ತೆಗೆಯಲಿಲ್ಲ. ಸುಮನಾ ನೀರು ಸುರಿದಳು. ಆ ಮಾತನ್ನು ನಾನು ಇಷ್ಟು ದಿನ ಎತ್ತಿಲ್ಲ, ಈಗಲೂ ಎತ್ತುತ್ತಿಲ್ಲ. ನೆಲ ನಡುಗಿದರೆ ಪೂಜೆಯ ಮಧ್ಯೆಯೇ ಎದ್ದುಬಿಡಿ, ಅಷ್ಟೇ.

ದೋಷವಾದೀತೇನೋ ಎಂದು ಮಠಕ್ಕೆ ಹೋಗಿ ಬುದ್ಧಿಯವರನ್ನೂ ಕೇಳಿದೆ. "ಲಿಂಗ ಅಂಗೈಲೇ ಇರ್ತದಲ್ಲ ತಾಯಿ, ಕರ್ಕೊಂಡೇ ಓಡ್ಲಿ" ಅಂದರು.

ನೀವು ಅದನ್ನೂ ನಂಬಲಿಕ್ಕಿಲ್ಲ. ಅದಕ್ಕೇ ಇವತ್ತು ಬೆಳಿಗ್ಗೆ ನಾನೇ ಪೂಜೆಯ ಮಧ್ಯೆ ಎದ್ದು, ಮೆಟ್ಟಿಲಿಳಿದು, ಬೀದಿಯವರೆಗೆ ಓಡಿ ನೋಡಿದೆ. ಅಂಗೈ ಮುಚ್ಚಿ ಎದೆಗೆ ಒತ್ತಿಕೊಂಡಿದ್ದೆ. ಲಿಂಗ ಬೀಳಲಿಲ್ಲ.

ಇತಿ,
ನಿಮ್ಮ ದಾರಿ ಕಾಯುತ್ತಿರುವ
ಸರ್ವಮಂಗಳ