ಹಿಪ್ಪೆ ಮರದ ಬಾವಲಿಗಳಿಗೆ ಶಿಕ್ಷೆ ವಿಧಿಸಿದವರಿಗೆ

ಮರ ಕಡಿಯಲು ಸಹಿ ಹಾಕಿದ ಮಾನ್ಯರೇ,

ಕಿಕ್ಕೇರಿ ಕಡೆಯ ನಮ್ಮೂರ ಕೆರೆ ಏರಿಯ ಹಿಪ್ಪೆ ಮರವನ್ನು ಬರುವ ಸೋಮವಾರ ಕಡಿಯಬೇಕೆಂದು ಆದೇಶಿಸಿದ್ದೀರಿ. ಕಾರಣ, ಅದು 'ಕೊರೊನಾ ಹರಡುವ ಬಾವಲಿಗಳ ವಾಸಸ್ಥಾನ'ವಂತೆ. ಮರ ಕಡಿಸಿರೆಂದು ನಮ್ಮೂರಿಂದ ಅರ್ಜಿ ಹೋದದ್ದು ಕೊರೊನಾದ ಎರಡನೇ ಅಲೆಯ ವರ್ಷ, ಆದೇಶ ಬಂದದ್ದು ಮೊನ್ನೆ. ಅಂದು ಆಮ್ಲಜನಕದ ಸಿಲಿಂಡರಿಗಾಗಿ ಬೀದಿ ಬೀದಿ ಅಲೆದ ನಮಗೆ ತಮ್ಮ ಚುರುಕುತನ ಕಂಡು ಕಣ್ಣು ತುಂಬಿ ಬಂತು. ಮೂರು ದಿನದಿಂದ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ತಾವು ಯಾರನ್ನಾದರೂ ವಿಚಾರಿಸಿದಿರಾ? ಪಶುವೈದ್ಯ ಓದುತ್ತಿರುವ ನನ್ನ ಮಗಳು ಚೈತ್ರ ಆದೇಶ ಓದಿ ತಲೆ ಚಚ್ಚಿಕೊಂಡಳು. "ಅಪ್ಪಾಜಿ, ಆ ವೈರಸ್ಸಿನ ನೆಂಟರು ಸಿಕ್ಕಿರೋದು ಗವೀಲಿರೋ ಬೇರೆ ಜಾತಿ ಸಣ್ಣ ಬಾವಲೀಲಿ. ಇವು ಹಣ್ಣು ತಿನ್ನೋವು. ಅಲ್ಲಿಂದ ಮನುಷ್ಯಂಗೆ ಎಂಗೆ ಬಂತು ಅಂತ ಇನ್ನೂ ಪೂರ್ತಿ ಗೊತ್ತಾಗಿಲ್ಲ. ನಡುವೆ ಇನ್ಯಾವ್ದೋ ಪ್ರಾಣಿ ಇರ್ಬೋದು ಅಂತಾರೆ. ಮರ ಕಡಿದ್ರೆ ಇವು ಎಲ್ಲಿಗೋಯ್ತವೆ? ನಮ್ಮ ಕೊಟ್ಟಿಗೆ ಪಕ್ಕದ ಸೀಬೆ ಮರಕ್ಕೇ ಬತ್ತವೆ." ದೂರವಿದ್ದ ಕಾಡುಜೀವವನ್ನು ಎಬ್ಬಿಸಿ ದನಗಳ ಮಗ್ಗುಲಿಗೆ ಕರೆತರುವುದು ರೋಗ ತಡೆಯುವ ಕ್ರಮವೇ? ಇರಲಾರದೆ ಇರುವೆ ಬಿಟ್ಟುಕೊಳ್ಳುವುದಕ್ಕೆ ಸರ್ಕಾರಿ ಮೊಹರು ಬೇರೆ!

ನಮ್ಮ ಮನೆಗೆ ರೋಗ ಹೇಗೆ ಬಂತೆಂಬುದನ್ನು ನಾನು ಬಲ್ಲೆ. ನಾನು ಹಾಲಿನ ಡೇರಿಯ ಕಾರ್ಯದರ್ಶಿ. ಅಂದು ಮೈ ಸುಡುತ್ತಿದ್ದರೂ ಎರಡು ಹೊತ್ತೂ ಹಾಲು ಅಳೆದೆ. ಬಾಗಿಲು ಹಾಕಿದರೆ ಊರು ಏನಂದೀತೆಂಬ ಅಂಜಿಕೆ. ಮನೆಗೆ ಬಂದಾಗ ಅವ್ವ ದ್ಯಾವಮ್ಮ ಜಗಲಿಯಲ್ಲಿ ಎಲೆಅಡಿಕೆ ಚೀಲ ಬಿಚ್ಚಿ ಕೂತಿದ್ದಳು.

"ಯಾಕ್ಲಾ, ಕಣ್ಣು ಕೆಂಪಗಾಗವೆ?"

"ನೆಗಡಿ ಕಣವ್ವ."

"ಅಂಗಾರೆ ಬಾ, ಎಲೆ ಆಕ್ಕೋ. ಗಂಟ್ಲು ಬುಡ್ತದೆ."

ಕೂತೆ. ಒಂದೇ ಚೀಲ, ಒಂದೇ ಸುಣ್ಣದ ಡಬ್ಬಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಒಂದು ಗಂಟೆ ಮಾತು, ನಡುನಡುವೆ ನನ್ನ ಕೆಮ್ಮು. ಹನ್ನೊಂದನೆಯ ದಿನ ಅವ್ವ ಹೋದಳು. ನಾನು ಉಳಿದೆ.

ಉಳಿದವನಿಗೆ ಯಾರನ್ನಾದರೂ ಬೈಯಬೇಕಿತ್ತು. ಬಾವಲಿ ತಿರುಗಿ ಬೈಯುವುದಿಲ್ಲ. ಆ ಅರ್ಜಿ ಬರೆದವನು ನಾನೇ, ಸ್ವಾಮಿ. ದುಃಖದಲ್ಲಿದ್ದಾನೆಂದು ಊರವರೂ ಹೆಬ್ಬೆಟ್ಟು ಒತ್ತಿದರು. ಅದನ್ನು ತಾವು ನಂಬಿದಿರಿ. ಬರೆಯುವಾಗ ನಾನೇ ನಂಬಿರಲಿಲ್ಲ.

ಆದ್ದರಿಂದ ಸೋಮವಾರದೊಳಗೆ ಆದೇಶ ರದ್ದಾಗಬೇಕು. ನನ್ನ ಅರ್ಜಿ ಸುಳ್ಳೆಂದು ಅದೇ ಕಡತದಲ್ಲಿ ಬರೆಯಬೇಕು. ಇಲ್ಲದಿದ್ದರೆ ಮರ ಕಡಿಯುವವರು ಬಂದಾಗ ಬುಡದಲ್ಲಿ ನಾನು ಕೂತಿರುತ್ತೇನೆ, ಅವ್ವನ ಎಲೆಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು. ಅಂದಿನಿಂದ ಅದನ್ನು ಬಿಚ್ಚಿಲ್ಲ.

ಇಂತಿ,
ಬಾವಲಿಯ ಹೆಸರು ಬರೆದು ತನ್ನ ಹೆಸರು ಮುಚ್ಚಿಟ್ಟಿದ್ದ
ದ್ಯಾವಮ್ಮನ ಮಗ ಶಿವಲಿಂಗಯ್ಯ