ನಲವತ್ತು ದಿನ ಮಲಗಿದ ಮಣ್ಣು

ಮನೆ, ಪಂಪ್‌ಹೌಸ್ ಹಿಂದಿನ ರಸ್ತೆ
ತಾ. ೧೪, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಇವಳೇ,

ನಿನ್ನ ಮಂಡಿ ನೋವು ಹೇಗಿದೆ? ಮಗಳು ಸರಿಯಾಗಿ ನಿದ್ದೆ ಮಾಡುತ್ತಾಳೋ, ಇಲ್ಲ ಅವಳ ಪಾಲಿನದನ್ನೂ ಸೇರಿಸಿ ನೀನೇ ಎಚ್ಚರವಿರುತ್ತೀಯೋ? ಮೊಮ್ಮಗಳು ಅತ್ತರೆ ಬೀದಿಯ ಆ ತುದಿಗೆ ಕೇಳಿಸುತ್ತದೆ ಎಂದು ಅಳಿಯಂದಿರು ಹೇಳಿದರು. ಕೇಳಿಸಲಿ ಬಿಡು, ನಿನ್ನ ಕಡೆಯ ಗಂಟಲು ಅದು. ನಾನು ಚೆನ್ನಾಗಿದ್ದೇನೆ. ಬಿಪಿ ಮಾತ್ರೆ ತಪ್ಪಿಸಿಲ್ಲ. ಹಾಲನ್ನು ಎರಡು ಸಲ ಉಕ್ಕಿಸಿದೆ, ಒಲೆಯನ್ನು ಒರೆಸಿಯೂ ಇಟ್ಟೆ. ಅದನ್ನೆಲ್ಲ ಪಕ್ಕದ ಮನೆಯ ಟೈಲರಮ್ಮ ನಿನಗೆ ಫೋನಿನಲ್ಲಿ ವರದಿ ಮಾಡಿರುತ್ತಾಳೆ. ಆದರೆ ಈಗ ನಾನು ಹೇಳಹೊರಟಿರುವುದನ್ನು ಅವಳು ನಿನಗೆ ಹೇಳಿರಲಾರಳು. ಬಾಣಂತಿ ಇರುವ ಮನೆಯಲ್ಲಿ ಗಾಬರಿ ಬೇಡ ಎಂದು ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾರೆ. ನಾನೇ ಫೋನ್ ಮಾಡಬಹುದಿತ್ತು ನಿಜ. ಫೋನಿನಲ್ಲಿ ನೀನು ನನಗೆ ಒಂದು ವಾಕ್ಯವನ್ನಾದರೂ ಮುಗಿಸಲು ಯಾವತ್ತು ಬಿಟ್ಟಿದ್ದೀಯೆ? ಹಾಗಾಗಿ ಕಾಗದ. ಅಳಿಯಂದಿರ ಆಫೀಸಿನವರೊಬ್ಬರು ಇವತ್ತು ಸಂಜೆ ಕಾರಿನಲ್ಲಿ ಆ ಕಡೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತೇನೆ.

ನಮ್ಮ ತೋಟದ ಗೇಟಿಗೆ ನಗರಸಭೆಯವರು ನೋಟೀಸು ಅಂಟಿಸಿದ್ದಾರೆ ಕಣೇ. ಹನ್ನೆರಡು ಮನೆಯವರು ಸೇರಿ ಬೆಳೆಯುವ ಜಾಗ ‘ಬಳಕೆಯಿಲ್ಲದೆ ಖಾಲಿ ಬಿದ್ದಿರುವ ಕಸದ ಜಾಗ’ವಂತೆ! ಅಲ್ಲಿ ಕಾಂಕ್ರೀಟು ಹಾಕಿ ಲಾರಿ ನಿಲ್ದಾಣ ಮಾಡುತ್ತಾರಂತೆ. ಯಾವ ಲಾರಿ ಎಂದು ಕೇಳು. ಹೊರಗಿನಿಂದ ತರಕಾರಿ ಹೊತ್ತು ತರುವ ಲಾರಿ! ನಗಬೇಕೋ ಅಳಬೇಕೋ ನೀನೇ ಹೇಳು. ನಾನಂತೂ ಎರಡನ್ನೂ ಬಿಟ್ಟು ಬರೀ ಉರಿಯುತ್ತಿದ್ದೇನೆ. ತಕರಾರು ಇದ್ದವರು ಈ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ನಗರಸಭೆಗೆ ಹೋಗಿ ಹೇಳಿಕೊಳ್ಳಬೇಕು. ಅಲ್ಲಿ ನಮ್ಮ ಮಾತು ಬಿದ್ದುಹೋದರೆ ಸೋಮವಾರ ಜೆಸಿಬಿ ಬರುತ್ತದೆ, ಅಷ್ಟೇ ಕಥೆ.

ಹೋದ ವರ್ಷ ಸೇತುವೆ ಕುಸಿದದ್ದು ಇವರಿಗೆ ಇಷ್ಟು ಬೇಗ ಮರೆತುಹೋಯಿತೇ? ಒಂಬತ್ತು ದಿನ ಒಂದೇ ಒಂದು ಲಾರಿ ಊರೊಳಗೆ ಬರಲಿಲ್ಲ. ಮೂರನೇ ದಿನಕ್ಕೆ ಮಾರುಕಟ್ಟೆಯಲ್ಲಿ ವ್ಯಾಪಾರಿಗಳು ಬುಟ್ಟಿಗಳನ್ನು ಬೋರಲು ಹಾಕಿ ಅವುಗಳ ಮೇಲೆ ಕೂತು ಹರಟುತ್ತಿದ್ದರು. ಆ ದೊಡ್ಡ ಅಂಗಡಿಯ ತಣ್ಣನೆಯ ಕಪಾಟುಗಳಲ್ಲಿ ದೀಪ ಮಾತ್ರ ಉರಿಯುತ್ತಿತ್ತು. ಆಗ ಸೊಪ್ಪು ಎಲ್ಲಿಂದ ಬಂತು? ಬೀನ್ಸ್, ಬದನೆ, ಕುಂಬಳ ಎಲ್ಲಿಂದ ಬಂದವು? ಈ ‘ಕಸದ ಜಾಗ’ದಿಂದ! ಮೊದಲ ಬುಟ್ಟಿ ಹೆರಿಗೆ ಆಸ್ಪತ್ರೆಯ ಅಡುಗೆಮನೆಗೆ ಹೋಗಬೇಕು ಎಂದು ನೀನು ಹಟ ಹಿಡಿದೆ. ನಾನು ಗೊಣಗಿದ್ದಕ್ಕೆ, ‘ರೀ, ಹಾಲು ಕುಡಿಸೋರು ಮೊದಲು ತಿನ್ಲಿ, ನಿಮ್ಮ ಹೊಟ್ಟೆ ಎಲ್ಲೂ ಓಡಿಹೋಗಲ್ಲ’ ಅಂದೆಯಲ್ಲ. ಅಲ್ಲಿನ ಅಡುಗೆಯಾಕೆ ಇವತ್ತಿಗೂ ರಸ್ತೆಯಲ್ಲಿ ಸಿಕ್ಕರೆ ‘ಅಮ್ಮ ಯಾವಾಗ ಬರ್ತಾರೆ’ ಎಂದು ನಿನ್ನನ್ನೇ ಕೇಳುತ್ತಾಳೆ. ಬುಟ್ಟಿ ಹೊತ್ತವನು ನಾನು, ನಾನು ಲೆಕ್ಕಕ್ಕೇ ಇಲ್ಲ. ಸೇತುವೆ ರಿಪೇರಿಯಾದ ಮೇಲೆ ಇದೇ ನಗರಸಭೆಯವರು ಬಂದು, ಕುಂಬಳಕಾಯಿಯನ್ನು ಮಗುವಿನಂತೆ ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಪ್ರತಿ ವಾರ್ಡಿಗೂ ಇಂಥದೊಂದು ತೋಟ ಬೇಕು ಎಂದು ಭಾಷಣ ಬಿಗಿದರು. ಹೋಗುವಾಗ ಆ ಕುಂಬಳಕಾಯಿಯನ್ನೂ ಕಾರಿಗೆ ಹಾಕಿಕೊಂಡು ಹೋದರು. ಕಾಯಿಯೂ ಅರಗಿತು, ಮಾತೂ ಅರಗಿತು. ಹನ್ನೆರಡು ಮನೆಯ ಸೊಪ್ಪಿನಿಂದ ಇಡೀ ಊರು ಬದುಕುತ್ತದೆ ಎಂದು ನಾನೂ ಹೇಳುವುದಿಲ್ಲ. ಆದರೆ ಊರಿಗೆ ಊಟ ಬರುವ ದಾರಿ ಒಂದೇ ಆಗಿ, ಅದೂ ಮುರಿದುಬಿದ್ದರೆ ಮುಂದೇನು ಎಂದು ಕೇಳುವ ಬುದ್ಧಿ ಆ ಕಟ್ಟಡದಲ್ಲಿ ಒಬ್ಬನಿಗಾದರೂ ಬೇಡವೇ?

ಈ ನೋಟೀಸಿಗೆ ಮೊದಲು ನಗರಸಭೆಯವರ ಸಮೀಕ್ಷೆ ನಡೆದದ್ದು ಹೇಗೆ ಕೇಳು. ನೀನು ಹೊರಡುವ ಮೊದಲು ಕಟ್ಟಪ್ಪಣೆ ಮಾಡಿದಂತೆ ಹನ್ನೆರಡು ಮನೆಯವರೂ ಒಂದೇ ವಾರದಲ್ಲಿ ಕೊಯ್ಲು ಮುಗಿಸಿದೆವು. ಮಡಿಗಳ ಮೇಲೆಲ್ಲ ಒಣಗಿದ ಎಲೆ ದಪ್ಪಗೆ ಹೊದಿಸಿದೆವು. ನಲವತ್ತು ದಿನ ಯಾರೂ ಕೈ ಹಾಕಬಾರದು, ಮಣ್ಣು ಮಲಗಲಿ, ತಿನ್ನಲು ಏನೂ ಸಿಗದೆ ಹುಳ ತೊಲಗಲಿ ಎಂಬುದು ನಿನ್ನ ಕಾನೂನು. ನಿನ್ನ ಕಾನೂನು ಮುರಿಯುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಹಸಿಮೆಣಸಿನ ಒಂದು ಗಿಡ ಉಳಿಸಿಕೊಳ್ಳುತ್ತೇನೆ ಎಂದ ಮೇಷ್ಟ್ರನ್ನೂ ಟೈಲರಮ್ಮ ಗದರಿಸಿ ಅದನ್ನು ಕೀಳಿಸಿದಳು. ಸಮೀಕ್ಷೆಯವರು ಬಂದದ್ದು ಸರಿಯಾಗಿ ಹದಿನೆಂಟನೇ ದಿನ. ನಾನು ಗೇಟಿನ ಹತ್ತಿರವೇ ನಿಂತಿದ್ದೆ. ಕೂಲಿಂಗ್ ಗ್ಲಾಸ್ ಹಾಕಿದ ಸಾಹೇಬನೊಬ್ಬ ಬೂಟುಗಾಲಿನಿಂದ ಎಲೆಯನ್ನು ಒದ್ದು, ‘ಇಷ್ಟೊಂದು ಕಸ ಯಾರ್ರೀ ತಂದು ಸುರಿದಿದ್ದು?’ ಎಂದ. ನೀನು ಒಂದಿಡೀ ವರ್ಷ ಗಾಜಿನ ಚೂರು, ತುಕ್ಕು ಹಿಡಿದ ಮೊಳೆ, ಒಡೆದ ಹೆಂಚು ಹೆಕ್ಕಿ ಹೆಕ್ಕಿ ಬೆಳೆ ಬರುವ ಮಣ್ಣಾಗಿಸಿದ ಜಾಗವದು. ಅಂಗೈಗೆ ಮೂರು ಹೊಲಿಗೆ ಬಿದ್ದ ಮೇಲೂ ಬಿಡಲಿಲ್ಲ ನೀನು. ಎಲೆಯ ಕೆಳಗೆ ಒಮ್ಮೆ ಕೈ ಹಾಕಿದ್ದರೆ ಸಾಕಿತ್ತು, ಎರೆಹುಳ ಬಂದು ಅವನ ಬೆರಳು ಸುತ್ತಿಕೊಳ್ಳುತ್ತಿತ್ತು. ಮಲಗಿರುವ ಮನುಷ್ಯನನ್ನು ನೋಡಿ ಹೆಣ ಎಂದು ಬರೆದುಕೊಂಡು ಹೋಗುವ ಡಾಕ್ಟರು ಎಲ್ಲಾದರೂ ಉಂಟೇ? ಸಮೀಕ್ಷೆಯ ಫಾರಮ್ಮಿನಲ್ಲಿ ‘ಬೆಳೆ’ ಎಂಬಲ್ಲಿ ದುಂಡನೆಯದೊಂದು ಸೊನ್ನೆ ಇದೆ. ಇಡೀ ನೋಟೀಸು ನಿಂತಿರುವುದು ಆ ಸೊನ್ನೆಯ ಮೇಲೆ. ಎಂಥ ಪೆದ್ದನ ಕೈ ಅದು!

ಶುಕ್ರವಾರ ನಗರಸಭೆಗೇ ಹೋದೆ. ಮೂವತ್ತೊಂದು ವರ್ಷ ನೀರಿನ ಮೀಟರ್ ಓದಿ ನಿವೃತ್ತನಾದದ್ದು ಅಲ್ಲಿಂದಲೇ ಅಲ್ಲವೇ, ಯಾರಾದರೂ ಗುರುತು ಹಿಡಿದು ಕುರ್ಚಿ ಕೊಟ್ಟಾರು ಎಂದುಕೊಂಡೆ. ಕುರ್ಚಿ ಹಾಗಿರಲಿ, ಕಿಟಕಿಯ ಹಿಂದೆ ಕೂತವರು ಮುಖ ಕೂಡ ಎತ್ತಲಿಲ್ಲ. ‘ಕಾಗದದಲ್ಲಿ ಸೊನ್ನೆ ಇದೆಯಲ್ಲ ಸರ್, ನಾವೇನ್ ಮಾಡೋಕಾಗುತ್ತೆ’ ಎಂದ ಒಬ್ಬ. ಇನ್ನೊಬ್ಬ ಭಾರೀ ಉಪಕಾರ ಮಾಡುವವನ ಹಾಗೆ, ‘ಬೇಜಾರ್ ಮಾಡ್ಕೋಬೇಡಿ, ನಿಲ್ದಾಣದ ಗೋಡೆ ಮೇಲೆ ತರಕಾರಿ ಚಿತ್ರ ಬರೆಸ್ತೀವಿ’ ಎಂದ. ಚಿತ್ರವಂತೆ! ಮುಂದಿನ ಸಲ ಸೇತುವೆ ಬಿದ್ದಾಗ ಆಸ್ಪತ್ರೆಯ ಅಡುಗೆಯಾಕೆ ಗೋಡೆ ಕೆರೆದು ಬೇಯಿಸಲಿ ಎಂದು ಅಲ್ಲೇ ಕೂಗಾಡಿ ಬಂದೆ. ನನಗೆ ಸಿಟ್ಟು ಬರುವುದಿಲ್ಲ ಎಂದು ನೀನು ಎಲ್ಲರ ಹತ್ತಿರ ಹೇಳುತ್ತಿದ್ದೆ, ನಿನ್ನ ಮಾತು ಸುಳ್ಳಾಯಿತು. ಸಂಜೆ ಹನ್ನೆರಡು ಮನೆಯವರೂ ಟೈಲರಮ್ಮನ ಹೊಲಿಗೆ ಕೋಣೆಯಲ್ಲಿ ಬಟ್ಟೆಯ ಗಂಟುಗಳನ್ನು ಸರಿಸಿ ಕೂತೆವು. ‘ಆ ಸೊನ್ನೆ ಬರೆದವನ ಕೈ ಸೇದಿಹೋಗ!’ ಎಂದು ಅವಳು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಎಲ್ಲರೂ ಹೌದು ಹೌದು ಅಂದರು. ನಾನೂ ಅಂದೆ. ಗುರುವಾರ ಎಲ್ಲರೂ ಹೋಗುವುದೆಂದು ತೀರ್ಮಾನವಾಯಿತು. ಆಸ್ಪತ್ರೆಯ ಅಡುಗೆಯಾಕೆಯೂ ರಜೆ ಹಾಕಿ ಬರುತ್ತಾಳಂತೆ.

ಮಗಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ. ಅಳಿಯಂದಿರಿಗೆ ಕೇಳಿದೆ ಎಂದು ಹೇಳು. ಪುಟ್ಟದರ ಕಿವಿಯ ಹತ್ತಿರ ಬಾಯಿಟ್ಟು ‘ತಾತ ಚೆನ್ನಾಗಿದ್ದಾರೆ’ ಎಂದು ಹೇಳು, ಅರ್ಥವಾಗದಿದ್ದರೂ ಪರವಾಗಿಲ್ಲ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತು ನಿನ್ನ,
‘ರೀ’

ವಿ.ಸೂ.: ಕಾರಿನವರು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾರೆ. ಇಷ್ಟುದ್ದ ಬರೆದೆ, ಬರೆಯಬೇಕಾದ್ದನ್ನೇ ಬರೆದಿಲ್ಲ. ಆ ಸೊನ್ನೆ ಸಾಹೇಬ ಬರೆದದ್ದಲ್ಲ ಕಣೇ, ನಾನು ಬರೆದದ್ದು. ‘ಯಜಮಾನ್ರೇ, ನೀವು ಇಲ್ಲಿಯವರೇ ತಾನೆ, ಇದೊಂದು ತುಂಬಿಕೊಡಿ’ ಎಂದು ಫಾರಂ ಕೊಟ್ಟ. ‘ಈ ದಿನ ಕಣ್ಣಿಗೆ ಕಾಣುವ ಬೆಳೆ’ ಎಂದಿತ್ತು. ಮೀಟರಿನಲ್ಲಿ ಕಂಡದ್ದನ್ನು ಬಿಟ್ಟು ಬೇರೆ ಏನನ್ನೂ ಬರೆಯದ ಕೈ ಇದು, ಅವತ್ತೂ ಕಂಡದ್ದನ್ನೇ ಬರೆಯಿತು. ಮಣ್ಣು ಮಲಗಿದೆ ಎಂದು ಬರೆಯಲು ಅಲ್ಲಿ ಕಾಲಂ ಇರಲಿಲ್ಲ, ಅಂಚಿನಲ್ಲಾದರೂ ಬರೆಯೋಣ ಎಂದು ನನಗೆ ಹೊಳೆಯಲಿಲ್ಲ. ರುಜು ಹಾಕಿ, ಸರಿಯಾದ ಕೆಲಸ ಮಾಡಿದೆ ಎಂದು ಪೆನ್ನು ಜೇಬಿಗಿಟ್ಟೆ. ಇದು ಇಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ನನಗೆ ನಾಚಿಕೆಯಾಗುತ್ತಿದೆ. ಗುರುವಾರ ಎಲ್ಲರೆದುರು ಎದ್ದು ನಿಂತು, ಈ ರುಜು ನನ್ನದು, ಈ ಸೊನ್ನೆ ತಪ್ಪು ಎಂದು ಹೇಳುತ್ತೇನೆ. ಅದನ್ನು ಅಳಿಸಲು ಬೇರೆ ಯಾರಿಂದಲೂ ಆಗುವುದಿಲ್ಲ. ಮಗುವನ್ನು ಎರಡು ದಿನ ಅಳಿಯಂದಿರು ನೋಡಿಕೊಳ್ಳಲಿ, ಬುಧವಾರದ ಬಸ್ಸಿಗೆ ಬಾ. ಬೈಯುವುದಿದ್ದರೆ ರಾತ್ರಿಯೇ ಬೈದು ಮುಗಿಸು. ಅಲ್ಲಿ ನನ್ನ ಪರವಾಗಿ ಒಂದು ಮಾತೂ ಆಡಬೇಡ. ನಾನು ಮಾತಾಡುವಾಗ ನನಗೆ ಕಾಣುವ ಕಡೆ ಕೂತಿರು.