ತಪ್ಪು ಕೈಯಲ್ಲಿ ಹಿಡಿದ ಸುರಕ್ಷಿತ ಕಟ್ಟರ್

ಮಾನ್ಯ ಕಾರ್ಮಿಕ ಸುರಕ್ಷತಾ ಅಧಿಕಾರಿಗಳೇ,

ನನ್ನ ಸೊಸೆ ಬಲಗೈ ಕೊಯ್ದುಕೊಂಡಿದ್ದಾಳೆ. ಕೊಯ್ದದ್ದು ಪ್ಲಾಸ್ಟಿಕ್ ಪ್ಯಾಕುಗಳನ್ನು ಬಿಚ್ಚಲೆಂದು ತಾವು ಆರಿಸಿ, ಪರೀಕ್ಷಿಸಿ, ‘ಸಂಪೂರ್ಣ ಸುರಕ್ಷಿತ’ ಎಂದು ಸಹಿ ಹಾಕಿ, ಅವಳು ಕೆಲಸ ಮಾಡುವ ಗೋದಾಮಿನ ಗೋಡೆಗೆ ಪ್ರಮಾಣಪತ್ರ ತೂಗುಹಾಕಿಸಿದ ಹಳದಿ ಕಟ್ಟರ್. ಅಪಘಾತದ ವಿಚಾರಣೆ ನಡೆಸಿದವರೂ ತಾವೇ. ತಮ್ಮ ವರದಿಯ ಪ್ರಕಾರ ಕಾರಣ, ‘ಕೆಲಸಗಾರ್ತಿಯು ಉಪಕರಣವನ್ನು ತಪ್ಪು ಕೈಯಲ್ಲಿ ಹಿಡಿದದ್ದು.’ ಅವಳು ಹಿಡಿದದ್ದು ಎಡಗೈಯಲ್ಲಿ. ಹುಟ್ಟಿದಾಗಿನಿಂದ ಅವಳು ಎಲ್ಲವನ್ನೂ ಹಿಡಿಯುವುದು ಎಡಗೈಯಲ್ಲೇ. ಈಗ ತಮ್ಮ ಕಚೇರಿಯಿಂದ ಒಂದು ಮುಚ್ಚಳಿಕೆ ಬಂದಿದೆ: ಇನ್ನು ಮುಂದೆ ಬಲಗೈಯಲ್ಲಿ ಮಾತ್ರ ಕೆಲಸ ಮಾಡುತ್ತೇನೆಂದು ಬರೆದುಕೊಟ್ಟರೆ ಸೋಮವಾರದಿಂದ ಬರಬಹುದು, ಇಲ್ಲದಿದ್ದರೆ ತಾನಾಗಿಯೇ ಕೆಲಸ ಬಿಟ್ಟಂತೆ. ಕೊಯ್ದುಹೋದ ಕೈ ಯಾವುದೆಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ದಯವಿಟ್ಟು ಇನ್ನೊಮ್ಮೆ ಓದಿ.

ನಾನು ಯಾರೆಂದು ಹೇಳಿಬಿಡುತ್ತೇನೆ. ನ್ಯಾಯಾಲಯದ ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು. ಊರಿನ ಅರ್ಧ ಜಗಳಗಳು ನನ್ನ ಬೆರಳ ತುದಿಯಿಂದ ಹಾದುಹೋಗಿವೆ. ‘ಮಾನ್ಯರು ಪರಿಶೀಲಿಸಿ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಕಂಡವರ ಪರವಾಗಿ ಎಷ್ಟು ಸಲ ಕುಟ್ಟಿದ್ದೇನೋ ಲೆಕ್ಕವಿಲ್ಲ. ಮಾನ್ಯರು ಪರಿಶೀಲಿಸಿದ್ದನ್ನು ಮಾತ್ರ ಅಷ್ಟಾಗಿ ಕಂಡವಳಲ್ಲ. ಆದ್ದರಿಂದಲೇ ಈ ಪತ್ರ ತಮ್ಮ ಮೇಜಿನ ಕಾಗದದ ರಾಶಿಯ ಅಡಿಗೆ ಹೋಗಿ ಮಲಗದೆ, ಪತ್ರಿಕೆಯಲ್ಲಿ ಹತ್ತು ಜನರ ಕಣ್ಣಿಗೆ ಬೀಳುತ್ತಿದೆ. ಮುನಿಸಿಕೊಳ್ಳಬೇಡಿ. ಮುನಿಸಿಕೊಂಡರೂ ಓದಿ.

ಸೊಸೆಯ ಕೆಲಸ ಇಷ್ಟು. ಜನ ಫೋನಿನಲ್ಲೇ ಸಾಮಾನು ತರಿಸಿಕೊಂಡು ಆಮೇಲೆ ಬೇಡವೆಂದು ಹಿಂದಿರುಗಿಸುತ್ತಾರಲ್ಲ, ಅದೆಲ್ಲ ಬಂದು ಬೀಳುವ ಗೋದಾಮು ಅದು. ಉದ್ದನೆಯ ಮೇಜು, ಮೇಲೆ ಟ್ಯೂಬ್‌ಲೈಟು, ಕಾಲ ಬಳಿ ಪ್ಲಾಸ್ಟಿಕ್ ಚೂರಿನ ಮೂಟೆ. ಪ್ಯಾಕು ಬಿಚ್ಚಬೇಕು, ಒಳಗಿನದು ನೆಟ್ಟಗಿದೆಯೇ ನೋಡಬೇಕು, ಪಕ್ಕಕ್ಕೆ ತಳ್ಳಬೇಕು. ಟಾರ್ಚು, ಹಲ್ಲುಜ್ಜುವ ಬ್ರಷ್ಷು, ಆಟದ ಕಾರು, ಎಲ್ಲವೂ ಆ ಕಲ್ಲಿನಂಥ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ. ಎಷ್ಟೋ ಸಾಮಾನು ಕೆಟ್ಟು ವಾಪಸಾದದ್ದೇ ಅಲ್ಲವಂತೆ, ಬಿಚ್ಚಲಾಗದೆ ವಾಪಸಾದದ್ದಂತೆ. ಒಂದಕ್ಕೆ ಹಲ್ಲಿನ ಗುರುತು, ಇನ್ನೊಂದರ ಮೂಲೆ ಸುಟ್ಟಿರುತ್ತದೆ. ಒಬ್ಬ ಪುಣ್ಯಾತ್ಮ ಟಾರ್ಚಿನ ಪ್ಯಾಕಿನ ಮೇಲೆ ‘ನೀವೇ ಇಟ್ಟುಕೊಂಡು ಸುಖವಾಗಿರಿ’ ಎಂದು ಬರೆದು ಕಳಿಸಿದ್ದನಂತೆ. ಊಟಕ್ಕೆ ಕೂತಾಗ ಸೊಸೆ ಇದನ್ನೆಲ್ಲ ನಟಿಸಿ ತೋರಿಸುತ್ತಿದ್ದಳು. ನಗುವ ಭರದಲ್ಲಿ ನನಗೆ ನೆತ್ತಿಗೆ ಹತ್ತಿದ್ದುಂಟು. ಪ್ಲಾಸ್ಟಿಕ್ಕನ್ನು ಸರ್ರನೆ ಸೀಳುವವಳೆಂದು ಗೋದಾಮಿನಲ್ಲಿ ಅವಳಿಗೆ ‘ಸರ್ರಕ್ಕ’ ಎಂದೇ ಹೆಸರು. ಅವಳಷ್ಟು ಬೇಗ ಬಿಚ್ಚುವವರು ಆ ಮೇಜಿನಲ್ಲಿ ಇನ್ನೊಬ್ಬರಿರಲಿಲ್ಲ.

ಆಗ ಅವಳ ಕೈಯಲ್ಲಿದ್ದದ್ದು ಮೊಂಡು ಮೂತಿಯ ಒಂದು ದೊಡ್ಡ ಕತ್ತರಿ. ಎಡಗೈಯವರಿಗೆಂದೇ ಮಾಡಿದ್ದು, ಮದುವೆಯಾದ ಹೊಸತರಲ್ಲಿ ನನ್ನ ಮಗ ಹುಡುಕಿ ತಂದುಕೊಟ್ಟದ್ದು. ಅಂದರೆ ಎಡಗೈಯವರೂ ಈ ಭೂಮಿಯ ಮೇಲಿದ್ದಾರೆ ಎಂಬ ಗುಟ್ಟು ಕತ್ತರಿ ಮಾಡುವವರಿಗೆ ಗೊತ್ತಿದೆ, ಬಸ್ ಕಂಡಕ್ಟರಾದ ನನ್ನ ಮಗನಿಗೂ ಗೊತ್ತಾಗಿದೆ. ಸುರಕ್ಷತೆಯನ್ನೇ ಕಸುಬು ಮಾಡಿಕೊಂಡ ತಮಗೆ ಮಾತ್ರ ಯಾರೂ ಹೇಳಿರಲಿಲ್ಲವೇ? ಹೇಳಿದ್ದರು. ಹೇಳಿದವಳು ನನ್ನ ಸೊಸೆಯೇ.

ತಾವು ಗೋದಾಮಿಗೆ ದಯಮಾಡಿಸಿದ ದಿನ ತಮಗೆ ನೆನಪಿರಲಿಕ್ಕಿಲ್ಲ, ಅವಳಿಗೆ ಚೆನ್ನಾಗಿ ನೆನಪಿದೆ. ಎಲ್ಲರ ಕತ್ತರಿ, ಚಾಕುಗಳನ್ನೂ ‘ಅನಧಿಕೃತ ಉಪಕರಣ’ ಎಂದು ಒಂದು ಡಬ್ಬಕ್ಕೆ ಹಾಕಿಸಿ ಬೀಗ ಜಡಿಸಿದಿರಿ. ಹಳದಿ ಕಟ್ಟರನ್ನು ಬಲಗೈಯಲ್ಲಿ ಎತ್ತಿ ಹಿಡಿದು, ಹೆಬ್ಬೆರಳಿನಿಂದ ಗುಂಡಿ ಒತ್ತಿ, ಬೆರಳು ತೆಗೆದು, ಬ್ಲೇಡು ಟಕ್ಕೆಂದು ಒಳಗೆ ಸೇರುವುದನ್ನು ತೋರಿಸಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಸೆಯೂ ತಟ್ಟಿದಳಂತೆ. ಆಮೇಲೆ ಕೈ ಎತ್ತಿ ಕೇಳಿದಳು.

“ಸಾರ್, ನಂದು ಎಡಗೈ. ಎಡಗೈಯವ್ರಿಗೆ ಬೇರೆ ಇದೆಯಾ?”

“ಯಾವ ಕೈ ಆದ್ರೇನಮ್ಮಾ, ಅಭ್ಯಾಸ ಮಾಡ್ಕೋ. ಒಂದು ವಾರದಲ್ಲಿ ಸರಿಹೋಗುತ್ತೆ.”

ಇದು ತಮ್ಮದೇ ಮಾತು. ಅಂದು ಯಾವ ಕೈಯಾದರೂ ನಡೆಯುತ್ತಿತ್ತು. ರಕ್ತ ಬಂದ ಮೇಲೆ ಒಂದು ಕೈ ಸರಿ, ಇನ್ನೊಂದು ತಪ್ಪಾಯಿತು. ಆ ಮಾತು ವರದಿಯಲ್ಲಿ ಎಲ್ಲೂ ಕಾಣಲಿಲ್ಲ. ಎರಡು ಸಲ ಹುಡುಕಿದೆ, ಬೆರಳಚ್ಚುಗಾರ್ತಿಯ ಕಣ್ಣಿನಿಂದಲೇ.

ಕಟ್ಟರು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸೊಸೆಯನ್ನು ನೋಡಲು ಬಂದ ಗೋದಾಮಿನ ಗೆಳತಿಯೊಬ್ಬಳು ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಬಲಗೈಯಲ್ಲಿ ಹಿಡಿದು ನೋಡಿದೆ. ಸೊಗಸಾಗಿದೆ. ಅಂಗೈಯಲ್ಲಿ ಹಾಯಾಗಿ ಕೂರುತ್ತದೆ, ಗುಂಡಿ ಹೆಬ್ಬೆರಳಿನ ಕೆಳಗೇ ಬರುತ್ತದೆ, ಬೆರಳು ಎತ್ತಿದರೆ ಬ್ಲೇಡು ಮಾಯ. ಎಡಗೈಗೆ ಬದಲಾಯಿಸಿದೆ. ಗುಂಡಿ ಇರುವುದು ಒಂದೇ ಮಗ್ಗುಲಲ್ಲಿ. ಎಡಗೈಯಲ್ಲಿ ಹಿಡಿದಾಗ ಆ ಮಗ್ಗುಲು ಅಂಗೈಗೆ ಒತ್ತಿಕೊಳ್ಳುತ್ತದೆ. ಹೆಬ್ಬೆರಳು ಎತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ, ಅಂಗೈ ಗುಂಡಿಯನ್ನು ಅದುಮಿಕೊಂಡೇ ಇರುತ್ತದೆ, ಬ್ಲೇಡು ಹೊರಗೇ ನಿಂತಿರುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಪ್ರಯೋಗಾಲಯ ಬೇಕಾಗಲಿಲ್ಲ, ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ತಮ್ಮ ಪರೀಕ್ಷೆಯಲ್ಲಿ ಕಟ್ಟರನ್ನು ಒಮ್ಮೆ, ಒಂದೇ ಒಮ್ಮೆ, ಎಡಗೈಗೆ ಕೊಟ್ಟು ನೋಡಲು ಏನಡ್ಡಿಯಿತ್ತು? ಎರಡನೆಯ ಕೈ ಆ ದಿನ ರಜೆಯಲ್ಲಿತ್ತೇ?

ಆದದ್ದು ಹೀಗೆ. ಮಕ್ಕಳ ಆಟದ ಕಾರೊಂದರ ಪ್ಯಾಕನ್ನು ಬಲಗೈಯಲ್ಲಿ ಅದುಮಿ ಹಿಡಿದು, ಎಡಗೈಯಿಂದ ಸೀಳುತ್ತಿದ್ದಳು. ಮೂಲೆಯಲ್ಲಿ ಕಟ್ಟರ್ ಜಾರಿತು. ಬ್ಲೇಡು ಒಳಗೆ ಹೋಗಲಿಲ್ಲ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸಕ್ಕೆ ಹೋಯಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಳ್ಳುವಾಗಲೂ ಅವಳು ನೋವೆನ್ನಲಿಲ್ಲ. “ಅತ್ತೆ, ನಾನು ಬೆರಳು ಎತ್ತಿದೆ. ಅವ್ರು ಹೇಳ್ಕೊಟ್ಟ ಹಾಗೇ ಎತ್ತಿದೆ” ಎಂದು ಅದೊಂದನ್ನೇ ಹೇಳುತ್ತಿದ್ದಳು. ನರ ತುಂಡಾಗಿದೆ, ಸ್ಪರ್ಶ ಮರಳಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಈಗ ಅವಳು ಬಲಗೈಯಲ್ಲಿ ಬಿಸಿ ಲೋಟ ಹಿಡಿದರೆ ಬಿಸಿಯೆಂದು ಕೈಗೆ ತಿಳಿಯುವುದಿಲ್ಲ, ನಾವು ಕೂಗಿ ಹೇಳಬೇಕು. ಆ ಕೈಯಲ್ಲಿ ಇನ್ನು ಮುಂದೆ ಬ್ಲೇಡು ಹಿಡಿ ಎನ್ನುತ್ತಿದೆ ತಮ್ಮ ಮುಚ್ಚಳಿಕೆ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ ಇರಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ತಮಗೆ ಅಂಗೈಯನ್ನೇ ತೋರಿಸಿದರೂ ಯಾವ ಕೈಯದ್ದೆಂದು ಕಾಣಲಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇಲ್ಲಿ ನೆಲವೇ ಡೊಂಕಾಗಿದ್ದರೂ, ಕುಣಿದವಳ ಕಾಲೇ ತಪ್ಪೆಂದು ವರದಿ ಬರೆದಿದ್ದೀರಿ.

ಅತ್ತೆಯಾದವಳಿಗೆ ಸೊಸೆಯ ಮೇಲೆ ಇಷ್ಟೊಂದು ಪ್ರೀತಿ ಯಾಕೆ ಉಕ್ಕಿತು ಎಂದು ತಮಗೆ ಅನುಮಾನ ಬಂದಿರಬಹುದು. ಉಕ್ಕಿಲ್ಲ, ಗಾಬರಿಯಾಗಬೇಡಿ. ಅವಳ ಎಡಗೈ ಬಗ್ಗೆ ನಾನೂ ದಿನಕ್ಕೊಮ್ಮೆ ಗೊಣಗುತ್ತೇನೆ. ಒಲೆಯ ಮೇಲಿನ ಬಾಣಲೆಯ ಹಿಡಿ ಸದಾ ನನ್ನ ಸೊಂಟಕ್ಕೆ ತಗಲುವ ಕಡೆಗೇ ತಿರುಗಿರುತ್ತದೆ. ಸೌಟು ನಾನು ತಗುಲಿಹಾಕಿದ ಮೊಳೆಯಲ್ಲಿ ಒಂದು ದಿನವೂ ಸಿಕ್ಕಿದ್ದಿಲ್ಲ. ಇಬ್ಬರೂ ಒಟ್ಟಿಗೆ ತರಕಾರಿ ಹೆಚ್ಚಲು ಕೂತರೆ ಮೊಣಕೈಗಳದ್ದೇ ಒಂದು ಯುದ್ಧ. ಆದರೆ ಅವಳನ್ನು ಬೈಯುವ ಹಕ್ಕು ನಾನು ಅವಳ ಜೊತೆ ಒಂದೇ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ್ದು. ತಾವು ಎಲ್ಲಿ ಗಳಿಸಿದಿರಿ? ಮತ್ತೆ, ನಾನು ಎಷ್ಟೇ ಗೊಣಗಿದರೂ ಸೌಟಿನಿಂದ ಅವಳಿಗೆ ಗಾಯ ಮಾಡಿಲ್ಲ, ಮಾಡಿ ಅದಕ್ಕೆ ಪ್ರಮಾಣಪತ್ರವನ್ನಂತೂ ಖಂಡಿತ ತೂಗುಹಾಕಿಲ್ಲ.

ಮುಚ್ಚಳಿಕೆ ಬಂದ ದಿನ ಮನೆಯಲ್ಲಿ ದೊಡ್ಡ ರಂಪವೇ ಆಯಿತು. ನನ್ನ ಮಗ ಬೀಸುವ ದೊಣ್ಣೆ ತಪ್ಪಿದರೆ ಸಾಕೆನ್ನುವ ಪೈಕಿ.

“ಬರ್ಕೊಟ್ಟು ಬಿಡೋಣ ಅಮ್ಮ. ಒಳಗೆ ಹೋದ್ಮೇಲೆ ಯಾವ ಕೈಲಿ ಮಾಡಿದ್ರೆ ಯಾರು ನೋಡ್ತಾರೆ?”

“ಇನ್ನೊಂದ್ಸಲ ಕೊಯ್ಕೊಂಡ್ರೆ ನೋಡ್ತಾರೆ ಕಣೋ. ಬರ್ಕೊಟ್ಟ ಮಾತಿಗೆ ತಪ್ಪಿದ್ಲು ಅಂತ ಅದನ್ನೂ ಇವಳ ತಲೆಗೇ ಕಟ್ತಾರೆ.”

“ಹಾಗಾದ್ರೆ ಇವಳು ಕೆಲ್ಸ ಬಿಡ್ಬೇಕಾ?”

ಸೊಸೆ ಇಬ್ಬರ ನಡುವೆ ಕೂತು, “ನಂಗೆ ಆ ಕೆಲ್ಸ ಇಷ್ಟ. ಅದರಲ್ಲಿ ನಾನು ಚೆನ್ನಾಗಿದ್ದೆ” ಎಂದಳು. ‘ಇದ್ದೆ’ ಎಂದಳು, ‘ಇದ್ದೇನೆ’ ಎನ್ನಲಿಲ್ಲ. ಅವಳ ಸಂಪಾದನೆ ಮನೆಗೆ ಬೇಕು, ಇಲ್ಲವೆನ್ನುವುದಿಲ್ಲ. ಆದರೆ ಅವಳು ಕೇಳುತ್ತಿರುವುದು ಅದನ್ನಲ್ಲ, ಸರ್ರಕ್ಕನಾಗಿ ಆ ಮೇಜಿಗೆ ವಾಪಸು ಹೋಗುವುದನ್ನು. ತಪ್ಪಿತಸ್ಥೆಯಾಗಿ ತಲೆ ತಗ್ಗಿಸಿಕೊಂಡು ಅಲ್ಲ.

ಇದಿಷ್ಟೇ ಆಗಿದ್ದರೆ ಬಹುಶಃ ನಾನೂ ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಿದ್ದೆ. ನಿನ್ನೆ ಸಂಜೆಯದ್ದನ್ನು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ನನ್ನ ಮೊಮ್ಮಗಳು ಈಗಷ್ಟೇ ಅಕ್ಷರ ತಿದ್ದುತ್ತಿದ್ದಾಳೆ. ಅವಳೂ ತಾಯಿಯ ಹಾಗೆಯೇ, ಪೆನ್ಸಿಲು ತಾನಾಗಿ ಎಡಗೈಗೆ ಹೋಗುತ್ತದೆ. ಸೊಸೆ ಪಕ್ಕದಲ್ಲಿ ಕೂತು ಮಗುವಿನ ಎಡಗೈಯಿಂದ ಪೆನ್ಸಿಲು ಬಿಡಿಸಿ ಬಲಗೈಗೆ ಇಡುತ್ತಿದ್ದಳು. ಮಗು ಮತ್ತೆ ಎಡಕ್ಕೆ ತೆಗೆದುಕೊಳ್ಳುತ್ತಿತ್ತು. ಇವಳು ಮತ್ತೆ ಬಲಕ್ಕೆ. ಮಗು ಅಳಲು ಶುರುಮಾಡಿದರೂ ಬಿಡಲಿಲ್ಲ. ಒಂದು ದಿನವೂ ಮಗುವಿಗೆ ಗದರದವಳು ಗದರುತ್ತಿದ್ದಳು.

“ಏನೇ ಇದು, ಬಿಡೇ ಅದನ್ನ!” ಎಂದೆ.

“ಇವಳಿಗಾದ್ರೂ ಸರಿ ಕೈ ಇರ್ಲಿ ಅತ್ತೆ” ಎಂದಳು.

ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಅತ್ತು ಮುಗಿಸಿ ಈ ಪತ್ರ ಬರೆಯಲು ಕೂತೆ.

ತಾವು ಮಾಡಬೇಕಾದದ್ದನ್ನು ಬಿಡಿಸಿ ಹೇಳುತ್ತೇನೆ, ಆಮೇಲೆ ಅರ್ಥವಾಗಲಿಲ್ಲ ಎನ್ನಬಾರದು. ಆ ಮುಚ್ಚಳಿಕೆಯನ್ನು ವಾಪಸು ತೆಗೆದುಕೊಳ್ಳಿ. ವರದಿಯಲ್ಲಿ ‘ತಪ್ಪು ಕೈ’ ಎಂದಿರುವ ಕಡೆ ‘ತಪ್ಪು ಪರೀಕ್ಷೆ’ ಎಂದು ತಿದ್ದಿ, ಕೆಳಗೆ ತಮ್ಮ ಸಹಿ ಹಾಕಿ. ಎರಡೂ ಕೈಗೆ ಒಗ್ಗುವ ಕಟ್ಟರ್ ಬರುವವರೆಗೆ ಬೀಗ ಹಾಕಿದ ಡಬ್ಬದಿಂದ ಅವಳ ಕತ್ತರಿಯನ್ನು ಈಚೆ ತೆಗೆಸಿ. ಗಾಯ ಮಾಯ್ದ ಮೇಲೆ ಅವಳು ಕೆಲಸಕ್ಕೆ ಬಂದ ಮೊದಲ ದಿನ, ಕಟ್ಟರ್ ಕೊಟ್ಟ ದಿನ ಎಲ್ಲರೆದುರು ನಿಂತಿದ್ದಿರಲ್ಲ, ಅಲ್ಲೇ ನಿಂತು, ತಪ್ಪು ಇವಳದ್ದಲ್ಲ ಎಂದು ಗಟ್ಟಿಯಾಗಿ ಹೇಳಿ. ಚಪ್ಪಾಳೆ ಬೇಕಾದರೆ ನಾನೇ ಬಂದು ತಟ್ಟುತ್ತೇನೆ.

ಪೆನ್ಸಿಲನ್ನು ಇವತ್ತು ಬೆಳಿಗ್ಗೆ ನಾನೇ ಮಗುವಿನ ಎಡಗೈಗೆ ಕೊಟ್ಟೆ. “ಅಮ್ಮ ಈ ಕೈ ತಪ್ಪು ಅಂತಾಳೆ, ಹೌದಾ ಅಜ್ಜಿ?” ಎಂದು ಕೇಳಿತು. “ಇಲ್ಲ ಪುಟ್ಟಿ, ಒಬ್ಬರು ದೊಡ್ಡ ಸಾಹೇಬ್ರು ತಪ್ಪು ಬರೆದಿದ್ದಾರೆ. ಸೋಮವಾರದೊಳಗೆ ಅಳಿಸಿ ಸರಿಯಾಗಿ ಬರೀತಾರೆ” ಎಂದಿದ್ದೇನೆ. ನನ್ನ ಮೊಮ್ಮಗಳ ಮುಂದೆ ನನ್ನನ್ನು ಸುಳ್ಳುಗಾತಿ ಮಾಡಬೇಡಿ.

ಇಂತಿ,
ಜೀವಮಾನವೆಲ್ಲ ‘ತಮ್ಮ ವಿಧೇಯ’ ಎಂದು ಕುಟ್ಟಿ, ಇದೊಂದು ಸಲ ಕುಟ್ಟಲಾರದ,
ಎಡಗೈ ಸೊಸೆಯೊಬ್ಬಳ ಬಲಗೈ ಅತ್ತೆ